ಲೈಫ್ ಜಾಕೆಟ್ ತೇಲಿಸುತ್ತದೆ, ಉಸಿರು ಕೊಡುವುದಿಲ್ಲ

ಮುರ್ಡೇಶ್ವರದ ಕಡಲತೀರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕೆಲಿಂಗ್‌ಗೆಂದು ಹೊರಡುವ ಗುಂಪಿನಲ್ಲಿ ಈಜು ಬಾರದವರು ಒಬ್ಬಿಬ್ಬರಾದರೂ ಇರುವುದು ಸಹಜ. ಈಜು ಬರುವವರನ್ನು ಅವರ ಪಾಡಿಗೆ ಬಿಟ್ಟು, ಬಾರದವರಿಗೆ ಲೈಫ್ ಜಾಕೆಟ್ ತೊಡಿಸಿದರೆ ಸಿದ್ಧತೆ ಮುಗಿಯಿತು ಎಂದುಕೊಳ್ಳುವುದು ರೂಢಿ. ಈ ಲೆಕ್ಕಾಚಾರದಲ್ಲೇ ದೋಷವಿದೆ. ನೀರಿಗಿಳಿದ ಪ್ರತಿಯೊಬ್ಬರಿಗೂ ತೇಲುವ ಆಧಾರ, ಸರಾಗವಾದ ಉಸಿರಾಟ, ತನ್ನ ಮೇಲೆ ನೆಟ್ಟ ಇನ್ನೊಬ್ಬರ ಕಣ್ಣು ಈ ಮೂರೂ ಬೇಕು. ಜಾಕೆಟ್ ಕೊಡುವುದು ಮೊದಲನೆಯದನ್ನು ಮಾತ್ರ. ಉಳಿದೆರಡನ್ನು ಈಜು ಕೂಡ ಖಾತರಿಯಾಗಿ ಕೊಡಲಾರದು.

ತಪ್ಪು ಕಲ್ಪನೆ: ಜಾಕೆಟ್ ಇದ್ದರೆ ಈಜು ಬಾರದವರು ಎಲ್ಲಿ ಬೇಕಾದರೂ ಇಳಿಯಬಹುದು.

ಸತ್ಯ: ಜಾಕೆಟ್ ಇಲ್ಲದೆ ಅವರು ಇಳಿಯಲೇಬಾರದು ಎಂಬುದು ನಿಜ. ಆದರೆ ಪಟ್ಟಿಗಳು ಸಡಿಲವಾಗಿದ್ದರೆ ಅದು ಕಿವಿಯವರೆಗೆ ಮೇಲೇರಿ, ದೇಹ ಕೆಳಕ್ಕೆ ಜಾರುತ್ತದೆ. ಸರಿಯಾಗಿ ಬಿಗಿದರೂ ಸೆಳವು ಬಂದಾಗ ತೊಟ್ಟವರು ದೋಣಿಯಿಂದ ದೂರ ತೇಲಿಹೋಗಬಹುದು. ಎಲ್ಲಕ್ಕಿಂತ ಕಷ್ಟದ್ದು ಉಸಿರಾಟ. ಮಾಸ್ಕ್ ಮೂಗನ್ನು ಮುಚ್ಚುತ್ತದೆ, ಬಾಯಲ್ಲಿ ಕಚ್ಚಿದ ಸ್ನಾರ್ಕೆಲ್ ಕೊಳವೆಯ ಮೂಲಕ ಬಾಯಿಯಿಂದಲೇ ಉಸಿರಾಡಬೇಕು. ಕೊಳವೆಗೆ ನೀರು ನುಗ್ಗಿದ ಕ್ಷಣದಲ್ಲಿ ಅಭ್ಯಾಸವಿಲ್ಲದವರು ಗಾಬರಿಯಾಗಿ ಅದೇ ನೀರನ್ನು ಒಳಗೆಳೆದುಕೊಳ್ಳುತ್ತಾರೆ. ನೇತ್ರಾಣಿಯಲ್ಲಿ ದೋಣಿಯಿಂದ ಇಳಿಯುವುದು ಕಾಲು ಎಟುಕದ ನೀರಿಗೆ, ನಿಂತು ಸುಧಾರಿಸಿಕೊಳ್ಳಲು ಅಲ್ಲಿ ನೆಲ ಸಿಗುವುದಿಲ್ಲ. ಆದ್ದರಿಂದ ಪ್ರವಾಸಕ್ಕೆ ಮೊದಲೇ ಈಜುಕೊಳದ ಸೊಂಟದ ಮಟ್ಟದ ನೀರಿನಲ್ಲಿ ಮುಖ ಮುಳುಗಿಸಿ ಉಸಿರಾಡುವುದು, ಜೋರಾಗಿ ಊದಿ ಕೊಳವೆಯ ನೀರು ಹೊರಹಾಕುವುದು, ಮಗುಚಿ ಬೆನ್ನ ಮೇಲೆ ತೇಲುವುದು ಈ ಮೂರನ್ನಾದರೂ ಕಲಿತಿರಬೇಕು. ಅದು ಕೈಗೂಡದವರಿಗೆ ಹವಳದ ದಿಬ್ಬಗಳು ಅಲೆ ತಡೆಯುವ ಲಕ್ಷದ್ವೀಪದ ಆಳವಿಲ್ಲದ ಲಗೂನ್‌ಗಳಂಥ ಜಾಗವೇ ಮೊದಲ ಪಾಠಕ್ಕೆ ಸರಿ.

ತಪ್ಪು ಕಲ್ಪನೆ: ಅಪಾಯ ಈಜು ಬಾರದವರಿಗೆ ಮಾತ್ರ.

ಸತ್ಯ: ಪ್ರವಾಸಿಗರು ನೀರಿನಲ್ಲಿ ಸಾಯುವ ಪ್ರಕರಣಗಳಲ್ಲಿ ಸ್ನಾರ್ಕೆಲಿಂಗ್‌ನದೇ ದೊಡ್ಡ ಪಾಲಿರುವ ಅಮೆರಿಕದ ಹವಾಯಿಯಲ್ಲಿ ಇದರ ಬಗ್ಗೆ ವಿಶೇಷ ಅಧ್ಯಯನ ನಡೆದಿದೆ. ಸಂಕಟಕ್ಕೆ ಸಿಲುಕಿದವರಲ್ಲಿ ಈಜು ಚೆನ್ನಾಗಿ ಬಲ್ಲವರೂ ಇದ್ದರು. ಕೊಳವೆಯ ಮೂಲಕ ಗಾಳಿ ಎಳೆಯಲು ಹೆಚ್ಚು ಬಲ ಹಾಕಬೇಕಾಗಿ ಬಂದಾಗ ಶ್ವಾಸಕೋಶದೊಳಗೆ ದೇಹದ್ದೇ ದ್ರವ ಜಿನುಗಿ, ರಕ್ತಕ್ಕೆ ಆಮ್ಲಜನಕ ಸಾಲದೆ ಹೋಗಬಹುದು ಎಂಬುದು ಆ ಅಧ್ಯಯನ ಎತ್ತಿ ತೋರಿಸಿದ ಕಾರಣ. ಹೃದಯದ ತೊಂದರೆ ಮತ್ತು ನೀರಿನಲ್ಲಿನ ಅತಿಯಾದ ಶ್ರಮ ಈ ಅಪಾಯವನ್ನು ಹೆಚ್ಚಿಸುತ್ತವೆ. ಇದ್ದಕ್ಕಿದ್ದಂತೆ ಏದುಸಿರು ಬಂದು ಕೈಕಾಲು ಸೋತರೆ ಅದನ್ನು ಬರೀ ದಣಿವೆಂದು ತಳ್ಳಿಹಾಕದೆ ಮಾಸ್ಕ್ ಕಿತ್ತು, ಬೆನ್ನ ಮೇಲೆ ಮಲಗಿ, ಕೈಯೆತ್ತಿ ನೆರವು ಕೇಳಿ ನೀರಿನಿಂದ ಹೊರಬರಬೇಕು. ಹೃದ್ರೋಗವಿರುವವರು ಎಷ್ಟೇ ನುರಿತ ಈಜುಗಾರರಾದರೂ ವೈದ್ಯರನ್ನು ಕೇಳಿಯೇ ಹೊರಡಲಿ.

ತಪ್ಪು ಕಲ್ಪನೆ: ಮುಳುಗುವವರು ಕೂಗಿಕೊಳ್ಳುತ್ತಾರೆ, ಈಜು ಬರುವ ಗೆಳೆಯರು ಹೋಗಿ ಎಳೆತರುತ್ತಾರೆ.

ಸತ್ಯ: ಮುಳುಗುವವರು ಸಾಮಾನ್ಯವಾಗಿ ಕೂಗುವುದೂ ಇಲ್ಲ, ಕೈ ಬೀಸುವುದೂ ಇಲ್ಲ ಎಂದು ಅಮೆರಿಕದ ಜೀವರಕ್ಷಕ ಫ್ರಾಂಕ್ ಪಿಯಾ 1970ರ ದಶಕದಲ್ಲೇ ವಿವರಿಸಿದ್ದರು. ಉಸಿರಿಗೇ ಬಿಡುವಿಲ್ಲದಾಗ ಕೂಗುವುದೆಲ್ಲಿಂದ ಬಂತು? ತೋಳುಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಹೀಗೆ ಒದ್ದಾಡಲು ಸಿಗುವುದು 20ರಿಂದ 60 ಸೆಕೆಂಡು ಮಾತ್ರ. ಸ್ನಾರ್ಕೆಲಿಂಗ್‌ನಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಅಲ್ಲಾಡದೆ ಬೋರಲಾಗಿ ತೇಲುವುದೇ ಅದರ ಸಹಜ ಭಂಗಿಯಾದ್ದರಿಂದ, ಪ್ರಜ್ಞೆ ತಪ್ಪಿದವರೂ ಮೀನು ನೋಡುತ್ತಿರುವವರಂತೆಯೇ ಕಾಣುತ್ತಾರೆ. ಹಾಗಾಗಿ ದೋಣಿಯಲ್ಲೇ ಉಳಿದು ತಲೆ ಎಣಿಸುತ್ತಿರುವ ಒಬ್ಬರು, ನೀರಿನಲ್ಲಿ ಜೋಡಿ ಬಿಡದ ಶಿಸ್ತು, ಮೊದಲೇ ಒಪ್ಪಿಕೊಂಡ ಕೈಸನ್ನೆಗಳು ಇರಲೇಬೇಕು. ತರಬೇತಿಯಿಲ್ಲದೆ ರಕ್ಷಿಸಲು ಹೋದವರನ್ನು ಮುಳುಗುವವರು ತಬ್ಬಿ ಒತ್ತಿ, ಇಬ್ಬರೂ ಮುಳುಗುವ ಅಪಾಯವಿದೆ. ಮೊದಲು ಎಸೆಯಬೇಕಾದದ್ದು ಹಗ್ಗ ಕಟ್ಟಿದ ತೇಲುಬಳೆ.

ಹಾಗಾದರೆ ಈಜು ಬಾರದವರನ್ನು ದಡದಲ್ಲೇ ಬಿಟ್ಟುಹೋಗುವುದು ಮೇಲಲ್ಲವೇ ಎಂದು ಕೇಳಬಹುದು. ಖಂಡಿತ ಅಲ್ಲ. ಮಾರ್ಗದರ್ಶಕರು ಎಳೆದೊಯ್ಯುವ ತೇಲುಬಳೆ ಹಿಡಿದು ಶಾಂತ ನೀರಿನಲ್ಲಿ ಹವಳ ನೋಡಲು ಈಜು ಬೇಕಿಲ್ಲ. ಅಂಡಮಾನಿನಲ್ಲಿ ಗಾಜಿನ ತಳದ ದೋಣಿಗಳಿವೆ, ಒದ್ದೆಯಾಗದೆಯೇ ಹವಳ ಕಾಣುತ್ತದೆ. ಇಷ್ಟೊಂದು ಎಚ್ಚರಿಕೆ ಸಂತೋಷವನ್ನೇ ಕೆಡಿಸುತ್ತದೆ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ, ಏಕೆಂದರೆ ಹೆದರಿಕೆಯಿಂದ ಉಸಿರು ಬಿಗಿಹಿಡಿದವರಿಗೆ ಮೀನು ಕಾಣುವುದೇ ಇಲ್ಲ. ಜಾಗ, ಆಳ, ಅವಧಿ ಇವನ್ನು ಗುಂಪಿನ ಅತ್ಯಂತ ಅಂಜುವ ವ್ಯಕ್ತಿಯ ಅಳತೆಗೆ ಗೊತ್ತುಮಾಡಿ. ಕೊನೆಯ ಕ್ಷಣದಲ್ಲಿ ಅವರು ಬೇಡವೆಂದರೆ ಒತ್ತಾಯಿಸಬೇಡಿ.