ವಿಗ್ ಹಿಡಿದುಕೊಟ್ಟ ಗದ್ದಲ

ನೆತ್ತಿಯ ಮೇಲಿಟ್ಟ ಎಲೆಕ್ಟ್ರೋಡ್‌ಗೆ ತಲುಪುವ ಮಿದುಳಿನ ಸಂಕೇತ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಹೆಚ್ಚೆಂದರೆ ಒಂದು ವೋಲ್ಟಿನ ಹತ್ತು ಸಾವಿರದಲ್ಲೊಂದು ಪಾಲು. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರ ಇಇಜಿಯನ್ನು, ಅಂದರೆ ಈ ಸಂಕೇತಗಳ ಏರಿಳಿತವನ್ನು, ಮೊದಲ ಸಲ ದಾಖಲಿಸಿದ. ಇವತ್ತಿಗೂ ಇಇಜಿ ತೆಗೆಯುವವರು ಹೇಳುವುದು ಒಂದೇ ಮಾತು: ಅಲ್ಲಾಡಬೇಡಿ. ವರ್ಚುವಲ್ ರಿಯಾಲಿಟಿಯಲ್ಲಿರುವವರ ಇಇಜಿ ತೆಗೆಯುವಾಗ ಈ ಮಾತು ನಡೆಯುವುದಿಲ್ಲ. ಕತ್ತು ತಿರುಗಿಸದೆ, ಬಗ್ಗದೆ ಕೂರುವುದಾದರೆ ಹೆಡ್‌ಸೆಟ್ ಯಾಕೆ, ಟಿವಿ ಸಾಲದೆ?

ಕಾಟ ಹಲವು ಕಡೆಯಿಂದ. ಅರ್ಧ ಕಿಲೋ ಆಸುಪಾಸಿನ ಹೆಡ್‌ಸೆಟ್‌ನ ಪಟ್ಟಿ ಎಲೆಕ್ಟ್ರೋಡ್‌ಗಳನ್ನು ಒತ್ತುತ್ತದೆ. ಚರ್ಮಕ್ಕೂ ಲೋಹಕ್ಕೂ ನಡುವಿನ ಜೆಲ್ ಕೊಂಚ ಕದಲಿದರೂ ಅಲ್ಲಿನ ವೋಲ್ಟೇಜು ಏರಿಳಿಯುತ್ತದೆ. ತಂತಿ ತೂಗಾಡಿದರೂ ಅಷ್ಟೆ. ಕತ್ತಿನ ಸ್ನಾಯುಗಳದ್ದು ಇನ್ನೊಂದು ತಲೆನೋವು: ಅವುಗಳ ಸಂಕೇತ 20 ಹರ್ಟ್ಸ್‌ನಿಂದ ಮೇಲಕ್ಕೆ ಹರಡಿದೆ, ಮಿದುಳಿನ ಬೀಟಾ, ಗಾಮಾ ಅಲೆಗಳಿರುವುದೂ ಅಲ್ಲೇ. ಫಿಲ್ಟರ್ ಹಾಕಿದರೆ ಎರಡೂ ಹೋಗುತ್ತವೆ.

ಹಾಗಾದರೆ ಮಿದುಳಿನದ್ದಲ್ಲದ ಈ ಗದ್ದಲವೊಂದನ್ನೇ ಹಿಡಿಯಲಾದೀತೆ? ಅಮೆರಿಕದ ಡೇನಿಯಲ್ ಫೆರಿಸ್ ತಂಡ ಇದಕ್ಕೆ ಮಾಡಿದ ಉಪಾಯ ನನಗಂತೂ ಬಲು ಇಷ್ಟ. ಒಂಬತ್ತು ಜನರ ತಲೆಗೆ ಈಜುವವರ ಸಿಲಿಕೋನ್ ಟೋಪಿ ತೊಡಿಸಿದರು; ಮಿದುಳಿನ ವಿದ್ಯುತ್ತು ಅಲ್ಲಿಗೆ ಬಂದ್. ಅದರ ಮೇಲೆ ವಿದ್ಯುತ್ ಹರಿಸುವ ಜೆಲ್ ಸವರಿದ ವಿಗ್, ವಿಗ್ ಮೇಲೆ ಎಲೆಕ್ಟ್ರೋಡ್. ಆಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಸಿಕ್ಕಿದ್ದೆಲ್ಲ ಬರೀ ಚಲನೆಯ ಗದ್ದಲ! ಅದೂ ವೇಗಕ್ಕೊಂದು, ವ್ಯಕ್ತಿಗೊಂದು, ತಲೆಯ ಜಾಗಕ್ಕೊಂದು ಬಗೆ. ಎಲ್ಲರಿಗೂ ಒಂದೇ ಸೂತ್ರ ಹೊಂದುವುದಿಲ್ಲವೆಂದು ಅಲ್ಲೇ ಗೊತ್ತಾಯಿತು.

2018ರ ಹೊತ್ತಿಗೆ ಇದೇ ಯೋಚನೆ ಜೋಡಿ ಎಲೆಕ್ಟ್ರೋಡ್ ಆಯಿತು. ಒಂದು ನೆತ್ತಿಗೆ ತಾಗಿರುತ್ತದೆ; ಅದರ ಬೆನ್ನಿಗಂಟಿದ ಇನ್ನೊಂದು ಹೊರಮುಖವಾಗಿ, ವಿದ್ಯುತ್ ಹರಿಯುವ ಬಟ್ಟೆಗೆ ತಾಗಿರುತ್ತದೆ. ಎರಡೂ ಒಟ್ಟಿಗೇ ಅಲುಗುತ್ತವೆ, ಮಿದುಳು ಕೇಳಿಸುವುದು ಮಾತ್ರ ಒಳಗಿನದಕ್ಕೆ. ಹೊರಗಿನದರ ನೆರವಿನಿಂದ ಒಳಗಿನದರ ಗದ್ದಲವನ್ನು ಗುರುತಿಸಿ ಕಳೆಯಬಹುದು. ಸಂಕೇತ ಮೊದಲೇ ಗೊತ್ತಿದ್ದ ನಕಲಿ ತಲೆಯನ್ನು ಕುಲುಕಾಡಿಸಿ ಇದನ್ನು ಪರೀಕ್ಷಿಸಿದರು.

ಅದೇ ವರ್ಷ ಫೆರಿಸ್ ಮತ್ತು ಸಹೋದ್ಯೋಗಿಗಳ ಇನ್ನೊಂದು ಪ್ರಯೋಗವೂ ಪ್ರಕಟವಾಯಿತು. ಇಇಜಿ ಟೋಪಿ ತೊಟ್ಟ 19 ಜನ ಕಿರಿದಾದ ತೊಲೆಯ ಮೇಲೆ ನಡೆದರು. ಹೆಡ್‌ಸೆಟ್‌ನಲ್ಲಿ ಒಮ್ಮೆ ನೆಲದ ಹತ್ತಿರದ, ಇನ್ನೊಮ್ಮೆ ಭಾರೀ ಎತ್ತರದ ದೃಶ್ಯ. ಎತ್ತರ ಯಾವುದೇ ಇರಲಿ, ಹೆಡ್‌ಸೆಟ್ ತೊಟ್ಟಾಗ ಜನ ಹೆಚ್ಚು ಸಲ ತಪ್ಪು ಹೆಜ್ಜೆ ಇಟ್ಟರು, ಎದೆಬಡಿತವೂ ಏರಿತು. ಹೆಡ್‌ಸೆಟ್ಟೇ ತಂದ ಈ ಬದಲಾವಣೆ ತಂತಿಯ ಗದ್ದಲವಲ್ಲ, ಗಣಿತ ಹಾಕಿ ಕಳೆಯಲು ಬರುವುದಿಲ್ಲ. ಹೆಡ್‌ಸೆಟ್ ಇಲ್ಲದ ನಡಿಗೆಯನ್ನೂ ದಾಖಲಿಸಿಟ್ಟುಕೊಂಡಿದ್ದರಿಂದಲೇ ಅದು ಕಣ್ಣಿಗೆ ಬಿತ್ತು.