ವೃಷಭಾವತಿಯಲ್ಲಿ ನಮ್ಮ ಉಪ್ಪು

ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ ಎಂದರೆ ‘ಹಾಗಾದ್ರೆ ನಮ್ಮನೆ ಪ್ಲ್ಯಾನ್ ನೀನೇ ಹಾಕ್ಕೊಡು’ ಎನ್ನುವವರೇ ಎಲ್ಲ. ನೀರು ಪರೀಕ್ಷಿಸುವ ಲ್ಯಾಬ್ ಕೂಡ ನಮಗಿದೆ ಎಂದರೆ ಯಾರೂ ನಂಬುವುದಿಲ್ಲ. ಈ ಸೆಮಿಸ್ಟರ್‌ನಲ್ಲಿ ನನ್ನ ತಲೆಗೆ ಹತ್ತಿದ್ದು ಅದೊಂದೇ.

ಮಳೆನೀರು ಅಪ್ಪಟ ಶುದ್ಧವೇನಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗಿ ಅದರ ಪಿಎಚ್ ಸುಮಾರು 5.6ಕ್ಕೆ ಇಳಿದಿರುತ್ತದೆ. ಈ ಸೌಮ್ಯ ಆಮ್ಲವೇ ಕಲ್ಲನ್ನು ನಿಧಾನವಾಗಿ ಕರಗಿಸುವುದು. ಬೆಂಗಳೂರಿನ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅದರಿಂದ ನೀರಿಗೆ ಸೋಡಿಯಂ, ಕ್ಯಾಲ್ಸಿಯಂ, ಸಿಲಿಕಾ, ಬೈಕಾರ್ಬೊನೇಟ್ ಸೇರುತ್ತವೆ. ಕ್ಲೋರೈಡ್ ಮಾತ್ರ ಈ ಕಲ್ಲಿನಿಂದ ಹೆಚ್ಚೂಕಮ್ಮಿ ಬರುವುದೇ ಇಲ್ಲ.

ಪ್ರಾಜೆಕ್ಟಿಗೆಂದು ಮೈಸೂರು ರಸ್ತೆ ಪಕ್ಕದ ವೃಷಭಾವತಿಯಿಂದ ಒಂದು ಬಾಟಲಿ ತುಂಬಿದೆವು. ಹೋಲಿಕೆಗೆ ನಮ್ಮೂರು ತೀರ್ಥಹಳ್ಳಿ ಕಡೆಯ ಹಳ್ಳದ ನೀರು ತಂದಿದ್ದೆ. ಪೊಟ್ಯಾಸಿಯಂ ಕ್ರೋಮೇಟ್ ಬೆರೆಸಿ ಬ್ಯುರೆಟ್‌ನಿಂದ ಸಿಲ್ವರ್ ನೈಟ್ರೇಟ್ ಬಿಡುತ್ತಾ ಹೋದರೆ, ಕ್ಲೋರೈಡ್ ಮುಗಿದ ಕೂಡಲೇ ಹಳದಿ ನೀರು ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಊರಿನ ನೀರು ಕೆಲವೇ ಹನಿಗೆ ತಿರುಗಿತು. (ಅಲ್ಲಿದ್ದ ಚೂರುಪಾರು ಕ್ಲೋರೈಡ್ ಕೂಡ ಬಹುತೇಕ ಅರಬ್ಬಿ ಸಮುದ್ರದ್ದು, ಮುಂಗಾರಿನ ಜೊತೆ ಬಂದದ್ದು!) ವೃಷಭಾವತಿಯ ನೀರು ತಿರುಗುವ ಲಕ್ಷಣವೇ ಇಲ್ಲ. ಬಿಡುತ್ತಲೇ ಇದ್ದೆವು.

ಕಾರ್ಖಾನೆಗಳ ಪಾಲೂ ಇದೆ, ನಿಜ. ಆದರೆ ನಾವು ಅನ್ನ–ಸಾರಿನಲ್ಲಿ ತಿಂದ ಉಪ್ಪಿನ ಬಹುಪಾಲು ಮೂತ್ರದಲ್ಲಿ ಹೊರಬಿದ್ದು ಚರಂಡಿ ಸೇರುತ್ತದೆ. ಬೋರ್‌ವೆಲ್‌ನ ಗಡಸು ನೀರಿಗೆಂದು ಅಪಾರ್ಟ್‌ಮೆಂಟುಗಳಲ್ಲಿ ಸಾಫ್ಟ್‌ನರ್ ಹಾಕಿಸುತ್ತಾರಲ್ಲ, ಅದನ್ನು ಆಗಾಗ ಉಪ್ಪುನೀರಿನಿಂದ ತೊಳೆಯಬೇಕು. ಆ ನೀರೂ ಅಲ್ಲಿಗೇ. ನೊರೆ, ವಾಸನೆ ಕಂಡು ಮೂಗು ಮುಚ್ಚಿಕೊಳ್ಳುತ್ತೇವೆ, ಉಪ್ಪು ಕಾಣುವುದಿಲ್ಲ. ಕೊಳಚೆ ನೀರು ಶುದ್ಧೀಕರಿಸುವ ಸಾಮಾನ್ಯ ಘಟಕದಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ, ಉಪ್ಪನ್ನು ಮುಟ್ಟುವುದಿಲ್ಲ. ‘ಎಸ್‌ಟಿಪಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆ’ ಎನ್ನುವ ಮಾತು ಹಾಗಾಗಿ ನನಗೆ ಅರ್ಧ ಸತ್ಯ.

ಈ ನೀರು ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಯತ್ತ ಹರಿಯುತ್ತದೆ. ದಶಕಗಳಿಂದ ಅಲ್ಲಿನ ರೈತರು ಹೊಲಕ್ಕೆ ಹಾಯಿಸಿದ್ದು ಇದನ್ನೇ. ನೀರಿನಲ್ಲಿ ಸೋಡಿಯಂ ಹೆಚ್ಚಾದರೆ ಜೇಡಿಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗುವುದೇ ಕಷ್ಟ. ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತಂದ ಕಾವೇರಿಯನ್ನೇ ನಾವು ಉಪ್ಪು ಬೆರೆಸಿ ವಾಪಸ್ ಕಳಿಸುತ್ತಿದ್ದೇವೆ.

ಮುಂದಿನ ವಾರ ಬೈರಮಂಗಲದಿಂದ ನೀರು ತರಬೇಕು. ‘ಪ್ಲೇಸ್‌ಮೆಂಟ್ ಟೈಮಲ್ಲಿ ಇದೆಲ್ಲ ಬೇಕಾ ಮಾರಾಯ’ ಎನ್ನುತ್ತಾನೆ ಪ್ರಾಜೆಕ್ಟ್ ಪಾರ್ಟ್ನರ್. ಬೈಕ್ ಇರುವುದು ಅವನ ಹತ್ತಿರ, ಹಾಗಾಗಿ ಬಂದೇ ಬರುತ್ತಾನೆ.