ಕಂಡ ಸಾಕ್ಷ್ಯ, ಕಾಣದ ಸಾಕ್ಷ್ಯ: ಕಿರು ಗಾಮಾ ಕಿರಣ ಸ್ಫೋಟಗಳ ನೆಲೆ ಶೋಧನೆ

ಕಥೆಯೊಂದು ಎಲ್ಲಿ ಹುಟ್ಟಿತು ಎಂಬುದು ಜಾನಪದ ಅಧ್ಯಯನದ ಹಳೆಯ ಪ್ರಶ್ನೆಗಳಲ್ಲೊಂದು. ಫಿನ್ಲೆಂಡಿನ ವಿದ್ವಾಂಸರು ರೂಪಿಸಿದ ಐತಿಹಾಸಿಕ-ಭೌಗೋಳಿಕ ವಿಧಾನವು ಕಥೆಯ ಲಭ್ಯ ಪಾಠಗಳನ್ನೆಲ್ಲ ಸಂಗ್ರಹಿಸಿ, ಯಾವ ಪಾಠ ಯಾವ ಊರಿನಲ್ಲಿ ಯಾವ ಕಾಲಕ್ಕೆ ದೊರೆಯಿತೆಂಬುದನ್ನು ಹೋಲಿಸಿ ಅದರ ಮೂಲ ನೆಲೆಯನ್ನು ಊಹಿಸಲು ಯತ್ನಿಸಿತು. ಇದೇ ಬಗೆಯ ಪ್ರಶ್ನೆಯನ್ನು ಖಗೋಳ ವಿಜ್ಞಾನವೂ ಕಳೆದ ಅರ್ಧ ಶತಮಾನದಿಂದ ಕೇಳುತ್ತ ಬಂದಿದೆ. ಎರಡು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಹೊಳೆದು ಆರಿಹೋಗುವ ಗಾಮಾ ಕಿರಣ ಸ್ಫೋಟವೊಂದು ಆಕಾಶದ ಯಾವ ನೆಲೆಯಿಂದ ಬಂದಿತೆಂದು ಹೇಗೆ ತಿಳಿಯುವುದು? ಪ್ರಸ್ತುತ ಲೇಖನದಲ್ಲಿ ಈ ಶೋಧನೆಯ ವಿಧಾನಗಳನ್ನು ಹಳೆಯ ಬೆಂಗಳೂರಿನ ಪರಿಚಿತ ಸ್ಥಳಗಳ ನೆರವಿನಿಂದ ವಿವರಿಸಿ, ಈ ಕಾರ್ಯದಲ್ಲಿ ಬೆಂಗಳೂರಿನ ಪಾಲನ್ನು ಗುರುತಿಸಿ, ‘ಕಾಣಲಿಲ್ಲ’ ಎಂಬ ಹೇಳಿಕೆಗೂ ಸಾಕ್ಷ್ಯದ ಮೌಲ್ಯವಿದೆ ಎಂಬುದನ್ನು ತೋರಿಸಲು ಪ್ರಯತ್ನಿಸಲಾಗಿದೆ.

1. ಸಮಸ್ಯೆಯ ಸ್ವರೂಪ

ಗಾಮಾ ಕಿರಣ ಸ್ಫೋಟಗಳು ಪತ್ತೆಯಾದದ್ದು ಆಕಸ್ಮಿಕವಾಗಿ. ಪರಮಾಣು ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕವು ಹಾರಿಸಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಇಂತಹ ಮೊದಲ ಸ್ಫೋಟವನ್ನು ದಾಖಲಿಸಿದವು. ಆಕಾಶದಿಂದ ಬರುವ ಇಂಥ ಸ್ಫೋಟಗಳ ವಿಷಯ ಪ್ರಕಟವಾದದ್ದು 1973ರಲ್ಲಿ. ಮುಂದೆ 1991ರಿಂದ 2000ದವರೆಗೆ ಕಾರ್ಯನಿರ್ವಹಿಸಿದ ಕಾಂಪ್ಟನ್ ವೀಕ್ಷಣಾಲಯದ ‘ಬ್ಯಾಟ್ಸೆ’ ಉಪಕರಣವು 2,704 ಸ್ಫೋಟಗಳನ್ನು ದಾಖಲಿಸಿತು. ಅವು ಆಕಾಶದ ತುಂಬ ಸಮನಾಗಿ ಹರಡಿದ್ದವು. ಅವಧಿಯ ದೃಷ್ಟಿಯಿಂದ, ಸುಮಾರು ಎರಡು ಸೆಕೆಂಡುಗಳನ್ನು ಗಡಿಯಾಗಿಟ್ಟು, ಕಿರಿದು ಮತ್ತು ದೀರ್ಘ ಎಂಬ ಎರಡು ವರ್ಗಗಳಾಗಿ ವಿಂಗಡಣೆಗೊಳ್ಳುತ್ತಿದ್ದವು.

ಅವಧಿಯೊಂದೇ ಲಕ್ಷಣವಾಗಲಾರದು ಎಂಬುದು ಅನಂತರದ ತಿಳಿವಳಿಕೆ. 2021ರ ಡಿಸೆಂಬರ್ 11ರಂದು ಕಂಡ ಸ್ಫೋಟವು ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಹೊಳೆದರೂ ಕಿರು ಸ್ಫೋಟಗಳ ಮೂಲಲಕ್ಷಣವನ್ನೇ ತೋರಿತು. ಉದ್ದವನ್ನು ಮಾತ್ರ ನೋಡಿ ಗೀತೆಯ ಪ್ರಕಾರವನ್ನು ನಿರ್ಧರಿಸಲಾಗದು ಎಂಬುದನ್ನು ಬಲ್ಲ ಜಾನಪದ ಅಧ್ಯಯನಕಾರರಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ನೆಲೆಯನ್ನು ಅರಿಯುವ ಅಗತ್ಯವೇನು? ಸಮೀಪದ ಸಣ್ಣ ಹೊಳಪೂ ಬಹುದೂರದ ಭಾರಿ ಹೊಳಪೂ ಉಪಕರಣಕ್ಕೆ ಒಂದೇ ತೆರನಾಗಿ ಕಾಣಬಹುದು. ಸ್ಫೋಟ ಸಂಭವಿಸಿದ ಗೆಲಾಕ್ಸಿಯನ್ನು ಗುರುತಿಸಿದಾಗ ಮಾತ್ರ ದೂರ ತಿಳಿಯುತ್ತದೆ. ದೂರ ತಿಳಿದರೆ ಶಕ್ತಿ ತಿಳಿಯುತ್ತದೆ. ಶಕ್ತಿಯಿಂದ ಕಾರಣವನ್ನು ಕುರಿತು ಮಾತನಾಡಬಹುದು. ಕಿರು ಸ್ಫೋಟಗಳಲ್ಲಿ ಬಹುಪಾಲು ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತಿ ಸುತ್ತಿ ಒಂದನ್ನೊಂದು ಸೇರುವಾಗ ಉಂಟಾಗುತ್ತವೆ. ಚಿನ್ನದಂತಹ ಭಾರಧಾತುಗಳು ರೂಪುಗೊಳ್ಳುವ ಒಂದು ಮುಖ್ಯ ಸಂದರ್ಭವೂ ಇದೇ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳಿಂದ ತೆಗೆದ ಬಂಗಾರದಲ್ಲೂ ಇಂತಹ ಘಟನೆಗಳ ಪಾಲು ಇದ್ದಿರಬೇಕು. ಹೀಗೆ ಬಂಗಾರದ ಮೂಲದ ಪ್ರಶ್ನೆಯು ಕಿರು ಸ್ಫೋಟದ ನೆಲೆಯ ಪ್ರಶ್ನೆಗೆ ಹೊಂದಿಕೊಂಡಿದೆ.

2. ನೆಲೆ ಹುಡುಕುವ ಮೂರು ವಿಧಾನಗಳು

ಗಾಮಾ ಕಿರಣಗಳನ್ನು ವಾತಾವರಣವು ತಡೆಯುವುದರಿಂದ ಉಪಕರಣವು ಅಂತರಿಕ್ಷದಲ್ಲೇ ಇರಬೇಕು. ಸಾಮಾನ್ಯ ದೂರದರ್ಶಕದ ಕನ್ನಡಿ ಅಥವಾ ಮಸೂರ ಇವನ್ನು ಒಂದೆಡೆ ಕೂಡಿಸಲಾರದು. ಆದ್ದರಿಂದ ದಿಕ್ಕನ್ನು ಪರೋಕ್ಷವಾಗಿಯೇ ಅರಿಯಬೇಕು.

ಮೊದಲನೆಯದು ಹೋಲಿಕೆಯ ವಿಧಾನ. ಕೆಂಪಾಂಬುಧಿ ಕೆರೆಯ ಬಳಿಯ ಕೆಂಪೇಗೌಡ ಗೋಪುರಕ್ಕೆ ಓರೆಮಳೆ ಹೊಡೆದರೆ ಮಳೆ ಬಂದ ದಿಕ್ಕಿನ ಮುಖವೇ ಹೆಚ್ಚು ತೋಯುತ್ತದೆ. ಮಳೆ ನಿಂತ ಮೇಲೆ ಬಂದವನೂ ಗೋಡೆಗಳನ್ನು ನೋಡಿ ದಿಕ್ಕನ್ನು ಹೇಳಬಲ್ಲನು. 2008ರಲ್ಲಿ ಹಾರಿಸಲಾದ ಫರ್ಮಿ ಉಪಗ್ರಹದಲ್ಲಿ ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ಹನ್ನೆರಡು ಸೋಡಿಯಂ ಅಯೋಡೈಡ್ ಶೋಧಕಗಳಿವೆ. ಯಾವುದಕ್ಕೆ ಎಷ್ಟು ಕಿರಣ ಬಿದ್ದಿತೆಂಬುದನ್ನು ಹೋಲಿಸಿ ದಿಕ್ಕನ್ನು ಲೆಕ್ಕಹಾಕಲಾಗುತ್ತದೆ. ಕೆಲವೇ ಡಿಗ್ರಿಗಳಿಂದ ಹತ್ತಾರು ಡಿಗ್ರಿಗಳವರೆಗೆ ಇದರಲ್ಲಿ ಅನಿಶ್ಚಿತತೆ ಉಳಿಯುತ್ತದೆ.

ಎರಡನೆಯದು ನೆರಳಿನ ವಿಧಾನ. ಗವಿಪುರದ ಗಂಗಾಧರೇಶ್ವರ ಗುಹಾಲಯದಲ್ಲಿ ಮಕರ ಸಂಕ್ರಾಂತಿಯಂದು ಸಂಜೆಯ ಬಿಸಿಲು ಕಿಂಡಿಯಿಂದ ಒಳಬಂದು, ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಒಳಗೆ ಬಿದ್ದ ಬೆಳಕಿನ ಸ್ಥಾನವನ್ನು ನೋಡಿದವನು ಹೊರಗೆ ಬಾರದೆಯೇ ಸೂರ್ಯನ ಸ್ಥಾನವನ್ನು ಹೇಳಬಲ್ಲನು. 2004ರ ನವೆಂಬರ್ 20ರಂದು ಹಾರಿಸಲಾದ ಸ್ವಿಫ್ಟ್ ಉಪಗ್ರಹದ ತತ್ತ್ವವೂ ಇದೇ. ಸೀಸದ ಸಾವಿರಾರು ಬಿಲ್ಲೆಗಳನ್ನು ಜೋಡಿಸಿದ ಮರೆಯೊಂದು ಶೋಧಕದ ಮೇಲೆ ವಿಶಿಷ್ಟವಾದ ನೆರಳನ್ನು ಬೀಳಿಸುತ್ತದೆ. ನೆರಳು ಸರಿದ ಪ್ರಮಾಣದಿಂದ ದಿಕ್ಕು ತಿಳಿಯುತ್ತದೆ. ಒಡನೆಯೇ ಉಪಗ್ರಹವು ಅತ್ತ ತಿರುಗಿ ತನ್ನ ಎಕ್ಸ್-ಕಿರಣ ದೂರದರ್ಶಕದಿಂದ ಉಳಿದ ಮಂದ ಪ್ರಭೆಯನ್ನು ಹುಡುಕುತ್ತದೆ. 2005ರ ಮೇ 9ರಂದು ಕಿರು ಸ್ಫೋಟವೊಂದರ ಇಂತಹ ಉಳಿಪ್ರಭೆಯು ಮೊದಲ ಬಾರಿಗೆ ದೊರೆತದ್ದು ಹೀಗೆ.

ಮೂರನೆಯದು ಕಾಲಾಂತರದ ವಿಧಾನ. ಬಸವನಗುಡಿಯ ಕಹಳೆ ಬಂಡೆಯ ಮೇಲಿಂದ ಕಾವಲುಗಾರನು ಕಹಳೆ ಊದುತ್ತಿದ್ದನೆಂಬ ಐತಿಹ್ಯವಿದೆ. ಬ್ಯೂಗಲ್ ರಾಕ್ ಎಂಬ ಹೆಸರಿಗೆ ಅದೇ ಕಾರಣವೆನ್ನುತ್ತಾರೆ. ಆ ದನಿಯನ್ನು ಕೆಂಪಾಂಬುಧಿ ಮತ್ತು ಲಾಲ್‌ಬಾಗ್‌ಗಳ ಗೋಪುರಗಳಲ್ಲಿ ಇಬ್ಬರು ಆಲಿಸುತ್ತಿದ್ದಾರೆಂದು ಊಹಿಸೋಣ. ಸಮೀಪದ ಕೆಂಪಾಂಬುಧಿಯವನಿಗೆ ಅದು ಕೆಲವು ಸೆಕೆಂಡು ಮುಂಚೆ ಕೇಳಿಸುತ್ತದೆ. ಒಂದು ಸೆಕೆಂಡಿನ ಅಂತರವೆಂದರೆ ಸುಮಾರು 340 ಮೀಟರು ದೂರದ ವ್ಯತ್ಯಾಸ. ಇಬ್ಬರ ಗಡಿಯಾರಗಳೂ ಸರಿಯಾಗಿದ್ದರೆ ದನಿ ಹೊರಟಿರಬಹುದಾದ ಸ್ಥಳಗಳ ಒಂದು ರೇಖೆಯನ್ನು ಎಳೆಯಬಹುದು. ಹಲಸೂರಿನ ಗೋಪುರದಲ್ಲಿ ಮೂರನೆಯವನಿದ್ದರೆ ಇನ್ನೊಂದು ರೇಖೆ ಅದನ್ನು ಛೇದಿಸುತ್ತದೆ. ಅಂತರಿಕ್ಷದಲ್ಲಿ ದನಿಯ ಬದಲು ಬೆಳಕು. ಎರಡು ನೌಕೆಗಳ ಸಾಕ್ಷ್ಯದಿಂದ ಆಕಾಶದ ಮೇಲೊಂದು ಬಳೆಯಾಕಾರದ ಪಟ್ಟಿ ದೊರೆಯುತ್ತದೆ, ಮೂರನೆಯದು ಸೇರಿದಾಗ ಬಳೆಗಳು ಕೂಡುವ ಎಡೆ ತಿಳಿಯುತ್ತದೆ. ಭೂಮಿಯ ಸಮೀಪದ ಎರಡು ಉಪಗ್ರಹಗಳ ನಡುವೆ ಅಂತರವು ಸೆಕೆಂಡಿನ ನೂರನೆಯ ಕೆಲವು ಪಾಲುಗಳಷ್ಟೇ. ಮಂಗಳನ ಬಳಿಯ ನೌಕೆಯೊಡನೆ ಹೋಲಿಸಿದರೆ ಅದು ನಿಮಿಷಗಳಿಗೆ ಏರಬಹುದು. ಕಿರು ಸ್ಫೋಟವು ಕೊಡುವ ಕಿರಣಗಳು ಕಡಿಮೆಯಾದರೂ ಅದರ ಏರಿಳಿತ ಚೂಪಾಗಿರುವುದರಿಂದ ಕಾಲದ ಲೆಕ್ಕಕ್ಕೆ ಅನುಕೂಲವೇ ಆಗುತ್ತದೆ.

ನೆಲೆ ತಿಳಿದಾಗ ಗುರುತೇ ಬದಲಾಗುವುದುಂಟು. 2020ರ ಏಪ್ರಿಲ್ 15ರಂದು ಸಾಮಾನ್ಯ ಕಿರು ಸ್ಫೋಟದಂತೆ ಕಂಡ ಹೊಳಪೊಂದನ್ನು ಮಂಗಳನ ಸುತ್ತಲಿನ ಒಡಿಸ್ಸಿ ಸೇರಿದಂತೆ ಹಲವು ನೌಕೆಗಳ ಕಾಲಾಂತರದಿಂದ ಪರಿಶೀಲಿಸಲಾಯಿತು. ಅದು ಸಮೀಪದ ಎನ್‌ಜಿಸಿ 253 ಗೆಲಾಕ್ಸಿಯ ದಿಕ್ಕಿನಿಂದ ಬಂದಿತ್ತು. ಬಲವಾದ ಕಾಂತಕ್ಷೇತ್ರವುಳ್ಳ ಒಂಟಿ ನ್ಯೂಟ್ರಾನ್ ನಕ್ಷತ್ರದ ಭುಗಿಲು ಅದೆಂಬ ನಿರ್ಣಯಕ್ಕೆ ಈ ನೆಲೆಯೇ ಮುಖ್ಯ ಆಧಾರವಾಯಿತು.

3. ಬೆಂಗಳೂರಿನ ಪಾಲು

ಈ ಕ್ಷೇತ್ರದಲ್ಲಿ ಬೆಂಗಳೂರಿನ ಪ್ರಯತ್ನವು ಮೂರು ದಶಕಗಳಿಗೂ ಹಿಂದಿನದು. ನಗರದ ಇಸ್ರೋ ಉಪಗ್ರಹ ಕೇಂದ್ರವು ಸಿದ್ಧಪಡಿಸಿದ ಗಾಮಾ ಸ್ಫೋಟ ಉಪಕರಣವು 1992ರ ಮೇ 20ರಂದು ಸ್ರಾಸ್-ಸಿ ಉಪಗ್ರಹದಲ್ಲಿ ಕಕ್ಷೆ ಸೇರಿತು. ಉದ್ದೇಶಿಸಿದ್ದಕ್ಕಿಂತ ಕೆಳಗಿನ ಕಕ್ಷೆ ದೊರೆತದ್ದರಿಂದ ಆ ಉಪಗ್ರಹವು ಎರಡು ತಿಂಗಳೂ ಉಳಿಯಲಿಲ್ಲ. 1994ರ ಮೇ 4ರಂದು ಹಾರಿದ ಸ್ರಾಸ್-ಸಿ2ರಲ್ಲಿ ಅದೇ ಬಗೆಯ ಪ್ರಯೋಗವು ಮುಂದುವರಿದು ಹಲವು ಸ್ಫೋಟಗಳು ದಾಖಲಾದವು.

2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹಾರಿತು. ಅದು ಜೋಡಣೆಗೊಂಡದ್ದು ಇದೇ ಉಪಗ್ರಹ ಕೇಂದ್ರದಲ್ಲಿ (ಕೇಂದ್ರಕ್ಕೆ 2018ರಲ್ಲಿ ಯು.ಆರ್. ರಾವ್ ಅವರ ಹೆಸರನ್ನಿಡಲಾಯಿತು). ಅದರ ನಿಯಂತ್ರಣ ನಡೆದದ್ದೂ ಬೆಂಗಳೂರಿನಿಂದಲೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಹಲವು ಸಂಸ್ಥೆಗಳು ಸೇರಿ ರೂಪಿಸಿದ, ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಶೋಧಕಗಳುಳ್ಳ ಉಪಕರಣವು ಚಾಲನೆಗೊಂಡ ಮೊದಲ ದಿನ, 2015ರ ಅಕ್ಟೋಬರ್ 6ರಂದೇ, ದೀರ್ಘ ವರ್ಗದ ಸ್ಫೋಟವೊಂದನ್ನು ಗುರುತಿಸಿತು. ಈ ಉಪಕರಣಕ್ಕೂ ನೆರಳು ಬೀಳಿಸುವ ಮರೆಯಿದೆ. ಆದರೆ ಹೆಚ್ಚು ಶಕ್ತಿಯ ಕಿರಣಗಳು ಅದರ ಪಕ್ಕದ ಗೋಡೆಗಳನ್ನೂ ತೂರಿ ಬರುವುದರಿಂದ, ಭೂಮಿ ಮರೆಮಾಡುವ ಸುಮಾರು ಶೇ. 30ರಷ್ಟು ಆಕಾಶವನ್ನು ಬಿಟ್ಟು ಉಳಿದೆಡೆಯ ಪ್ರಬಲ ಸ್ಫೋಟಗಳು ಅದಕ್ಕೆ ಗೋಚರಿಸುತ್ತವೆ. ಮುಂದಿನ ಘಟನೆಯಲ್ಲಿ ಈ ಗುಣವೇ ಮುಖ್ಯವಾಯಿತು.

4. 2017ರ ಆಗಸ್ಟ್ 17

ಆ ದಿನ ಅಮೆರಿಕದ ಲೈಗೊ ಶೋಧಕಗಳು ಎರಡು ನ್ಯೂಟ್ರಾನ್ ನಕ್ಷತ್ರಗಳ ಮಿಲನದ ಗುರುತ್ವ ಅಲೆಗಳನ್ನು ದಾಖಲಿಸಿದವು. ಅಲೆಗಳು ನಿಂತ 1.7 ಸೆಕೆಂಡುಗಳ ತರುವಾಯ ಫರ್ಮಿಗೆ ಸುಮಾರು ಎರಡು ಸೆಕೆಂಡುಗಳ ದುರ್ಬಲ ಗಾಮಾ ಸ್ಫೋಟವೊಂದು ಕಂಡಿತು; ಇಂಟೆಗ್ರಲ್ ಉಪಗ್ರಹವೂ ಅದನ್ನು ಕಂಡಿತು. ಇಟಲಿಯ ವರ್ಗೊ ಶೋಧಕವು ಕಾರ್ಯನಿರತವಾಗಿದ್ದರೂ ಅದರಲ್ಲಿ ಅಲೆಯ ಗುರುತು ಬಹಳ ಕ್ಷೀಣವಾಗಿತ್ತು. ಪ್ರತಿಯೊಂದು ಗುರುತ್ವ ಶೋಧಕಕ್ಕೂ ಸರಿಯಾಗಿ ಕೇಳಿಸದ ಕೆಲವು ದಿಕ್ಕುಗಳಿವೆ. ಆದ್ದರಿಂದ ಮೂಲವು ವರ್ಗೊಗೆ ಸರಿಯಾಗಿ ಕೇಳಿಸದ ದಿಕ್ಕಿನ ಸಮೀಪದಲ್ಲಿರಬೇಕೆಂದು ತಿಳಿದು, ಹುಡುಕಬೇಕಾದ ಪ್ರದೇಶವು ಸುಮಾರು 30 ಚದರ ಡಿಗ್ರಿಗೆ ಇಳಿಯಿತು.

ಆಸ್ಟ್ರೋಸ್ಯಾಟ್‌ಗೆ ಅಂದು ಏನೂ ಕಾಣಲಿಲ್ಲ. ಉಪಕರಣವು ಎಚ್ಚರವಾಗಿಯೇ ಇತ್ತು. ಆ ಕ್ಷಣದಲ್ಲಿ ಮೂಲದ ದಿಕ್ಕು ಅದಕ್ಕೆ ಭೂಮಿಯ ಮರೆಯಲ್ಲಿತ್ತು. ಫರ್ಮಿ ಕೊಟ್ಟ ವಿಶಾಲ ಪ್ರದೇಶದಲ್ಲಿ ಆಸ್ಟ್ರೋಸ್ಯಾಟ್‌ಗೆ ಗೋಚರವಾಗಿದ್ದ ಭಾಗವನ್ನು ಈ ಮೌನದ ಆಧಾರದಿಂದ ಬದಿಗಿಡಬಹುದಾಯಿತು. ಒಟ್ಟು ನಿರ್ಣಯದಲ್ಲಿ ಇದರ ಪಾಲು ಸಣ್ಣದಾದರೂ ಸ್ವತಂತ್ರವಾದದ್ದು. ಸುಮಾರು ಹನ್ನೊಂದು ಗಂಟೆಗಳ ತರುವಾಯ ಚಿಲಿಯ ದೂರದರ್ಶಕವೊಂದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಹೊಸ ಬೆಳಕನ್ನು ಕಂಡಿತು. ಆ ಬೆಳಕಿನ ವರ್ಣಪಟಲದಲ್ಲಿ ಭಾರಧಾತುಗಳು ಹೊಸದಾಗಿ ರೂಪುಗೊಂಡ ಲಕ್ಷಣಗಳಿದ್ದವು.

5. ಉಪಸಂಹಾರ

ಮೌನವು ತನಗೆ ತಾನೇ ಸಾಕ್ಷ್ಯವಾಗುವುದಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ದಕ್ಷಿಣ ಅಟ್ಲಾಂಟಿಕ್ ಪ್ರದೇಶದ ಮೇಲೆ ಕಣಗಳ ಹಾವಳಿ ಹೆಚ್ಚಿರುವುದರಿಂದ ಅಲ್ಲಿ ಹಾದುಹೋಗುವಾಗ ಇಂತಹ ಉಪಕರಣಗಳನ್ನು ಸ್ಥಗಿತಗೊಳಿಸುತ್ತಾರೆ. ಆಗಿನ ‘ಕಾಣಲಿಲ್ಲ’ ಎಂಬುದಕ್ಕೆ ಅರ್ಥವಿಲ್ಲ. ನಿದ್ದೆಹೋದ ಕಾವಲುಗಾರನು ಕಹಳೆ ಕೇಳಲಿಲ್ಲವೆಂದರೆ ಏನೂ ಸಿದ್ಧವಾಗದು. ಸಾಕ್ಷಿ ಎಲ್ಲಿದ್ದನು, ಎಚ್ಚರವಾಗಿದ್ದನೆ, ಎತ್ತ ನೋಡುತ್ತಿದ್ದನು ಎಂಬ ಮೂರು ವಿವರಗಳು ದಾಖಲಾಗಿದ್ದರೆ ಮಾತ್ರ ಅವನ ಮೌನಕ್ಕೆ ಬೆಲೆ ಬರುತ್ತದೆ.

ಐತಿಹಾಸಿಕ-ಭೌಗೋಳಿಕ ವಿಧಾನವು ಎದುರಿಸಿದ ತೊಡಕುಗಳಲ್ಲಿ ಒಂದು ಇಲ್ಲಿಯೇ ಇದೆ. ಕಥೆಯು ಬಾಯಿಂದ ಬಾಯಿಗೆ ಸಾಗುವಾಗ ಬದಲಾಗುತ್ತದೆ, ಬೆಳಕು ಹಾಗಲ್ಲ. ಈ ಭೇದವನ್ನು ಅಳಿಸಲಾಗದು. ಆದರೆ ಇನ್ನೊಂದು ಕೊರತೆಯನ್ನು ನಾವು ತುಂಬಿಕೊಳ್ಳಬಹುದು. ನಮ್ಮ ಕ್ಷೇತ್ರಕಾರ್ಯದ ಸಂಗ್ರಹಗಳು ಸಾಮಾನ್ಯವಾಗಿ ದೊರೆತ ಪಾಠಗಳನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಯಾವ ಊರಿನಲ್ಲಿ, ಯಾವ ಸಮುದಾಯದವರನ್ನು, ಯಾವ ವರ್ಷ ವಿಚಾರಿಸಿದಾಗ ಆ ಕಥೆ ದೊರೆಯಲಿಲ್ಲ ಎಂಬುದು ಟಿಪ್ಪಣಿಯಲ್ಲಿ ಉಳಿಯುವುದು ವಿರಳ. ಹೀಗಾಗಿ ಭೂಪಟದ ಖಾಲಿ ಜಾಗವನ್ನು ಕಂಡಾಗ, ಕಥೆಯೇ ಇರಲಿಲ್ಲವೊ ಅಥವಾ ಕೇಳುವವರು ಹೋಗಿರಲಿಲ್ಲವೊ ಎಂಬುದು ಅನಂತರದ ಸಂಶೋಧಕನಿಗೆ ತಿಳಿಯದಾಗುತ್ತದೆ. ಕೇಳಿ ದೊರೆಯದ ಸಂದರ್ಭಗಳನ್ನೂ ಊರು, ದಿನ, ವಿಚಾರಿಸಿದ ಕ್ರಮಗಳೊಡನೆ ದಾಖಲಿಸಿ ಗ್ರಂಥಾಲಯಗಳಲ್ಲಿ ಕಾಪಿಡುವ ಪದ್ಧತಿ ನಮ್ಮಲ್ಲೂ ಬೆಳೆಯಬೇಕಾಗಿದೆ.